ಗದ್ದ ಹಿಡಿದ ಕೈ

"ಇದನ್ನ ಬೆನ್ನಿಗೆ ಕಟ್ಕೊಬುಡು ಮಗ. ಇದೊಂದು ಇದ್ರೆ ಯಮ ಬಂದು ಎಳುದ್ರೂ ಮುಳುಗಲ್ಲ," ಎಂದು ಬೋರಯ್ಯ ಒಣಗಿದ ಸೋರೆಬುರುಡೆಯನ್ನು ಪೂಜಿತಾಳ ಮುಂದೆ ಹಿಡಿದ.

ಪೂಜಿತಾ ಕೆರೆಯ ಮೇಲಿನ ಮೆಟ್ಟಿಲಲ್ಲಿ ಕುಳಿತು ತನ್ನ ಎಡಗಡೆಯ ಕೃತಕ ಕಾಲನ್ನು ಬಿಚ್ಚುತ್ತಿದ್ದಳು. ದಿನಾ ಮಾಡುವ ಕೆಲಸ, ಕಣ್ಣು ಮುಚ್ಚಿಕೊಂಡೂ ಮಾಡಬಲ್ಲಳು. ಆದರೆ ಇವತ್ತು ಪಟ್ಟಿಯ ತುದಿಯೇ ಬೆರಳಿಗೆ ಸಿಗುತ್ತಿರಲಿಲ್ಲ. ಫೆಬ್ರವರಿಯ ಬೆಳಗಿನ ಚಳಿಗೆ ಬೆರಳು ಮರಗಟ್ಟಿದೆ ಎಂದುಕೊಳ್ಳಲು ಅವಳು ಪ್ರಯತ್ನಪಟ್ಟಳು, ಆಗಲಿಲ್ಲ. ಕಾಫಿ ಗಿಡಗಳ ತಲೆಯ ಮೇಲೆ ಬಿಸಿಲು ಬಂದು ಆಗಲೇ ಬಹಳ ಹೊತ್ತಾಗಿತ್ತು.

ಸೊಂಟದ ಮಟ್ಟದ ನೀರಿನಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ ಶೃತಿ ನಕ್ಕಳು. ಆಲೂರಿನ ಹೈಸ್ಕೂಲಿನಲ್ಲಿ ಇವರಿಬ್ಬರದೂ ಒಂದೇ ಬೆಂಚು. ಈಗ ಅವಳು ಸಕಲೇಶಪುರದಲ್ಲಿ ಸ್ಟುಡಿಯೋ ಇಟ್ಟುಕೊಂಡು, ಮದುವೆಗೆ ಮುಂಚಿನ ಜೋಡಿಗಳನ್ನು ಹೋಮ್‌ಸ್ಟೇಗಳ ಈಜುಕೊಳಕ್ಕೆ ಇಳಿಸಿ ನೀರೊಳಗೆ ಫೋಟೋ ತೆಗೆಯುತ್ತಾಳೆ. ನೀರು ಹೋಗದ ಪೆಟ್ಟಿಗೆಯೊಳಗೆ ಕ್ಯಾಮೆರಾ, ಮುಂದೆ ಗುಂಡನೆಯ ಗಾಜು.

"ಮುಳುಗ್ಲಿ ಅಂತಾನೇ ಬಂದಿರೋದು ಬೋರಣ್ಣ," ಎಂದಳು ಶೃತಿ. "ಬುರುಡೆ ಕಟ್ಟಿದ್ರೆ ಇವ್ಳು ಮೇಲ್ಗಡೆ ತೇಲ್ತಿರ್ತಾಳೆ. ನಾನು ಕೆಳಗಿಂದ ಯಾರ ಫೋಟೋ ತೆಗೀಲಿ?"

ಬೋರಯ್ಯನಿಗೆ ಈ ಮಾತು ಅರಗಲಿಲ್ಲ. ಅವನು ಕಂಡಂತೆ ಈ ಕಡೆಯ ಮಕ್ಕಳೆಲ್ಲ ಬೆನ್ನಿಗೆ ಸೋರೆಬುರುಡೆ ಕಟ್ಟಿಸಿಕೊಂಡು, ದೊಡ್ಡವರ ಕೈಯಲ್ಲಿ ನೂಕಿಸಿಕೊಂಡು, ಕೆರೆ ನೀರು ಕುಡಿದೇ ಈಜು ಕಲಿತವರು. ಆ ವಿದ್ಯೆಯ ಮೊದಲ ಪಾಠವೂ ಕೊನೆಯ ಪಾಠವೂ ಒಂದೇ: ಮುಳುಗಬಾರದು. ಕಣ್ಣು ಬಿಟ್ಟುಕೊಂಡು ಮುಳುಗುವುದಕ್ಕೂ ಒಂದು ಕಲಿಕೆ, ಅದಕ್ಕೊಂದು ಫೋಟೋ ಅಂದರೆ ಕಲಿಗಾಲವೇ ಸರಿ. ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಹೊಸ ಹಗ್ಗ ಕಟ್ಟಿ ತಂದಿದ್ದ ಬುರುಡೆಯನ್ನು ಅವನು ಪೂಜಿತಾಳ ಬಿಚ್ಚಿಟ್ಟ ಕಾಲಿನ ಪಕ್ಕದಲ್ಲಿಟ್ಟ. ಇಟ್ಟ ಮೇಲೂ ಅದರ ಕಡೆ ಒಂದು ಸಲ ನೋಡಿದ.

ಏರಿಯ ಮೇಲೆ ಪೂಜಿತಾಳ ತಾಯಿ ಮೀನಾಕ್ಷಮ್ಮ ಕೆರೆಗೆ ಬೆನ್ನು ಹಾಕಿ ಕುಳಿತಿದ್ದಳು. ಬರಬೇಡ ಎಂದರೂ ಕೇಳದೆ ಬಂದಿದ್ದಳು. ಬಂದವಳು ನೀರಿನ ಕಡೆ ಮಾತ್ರ ತಿರುಗಿರಲಿಲ್ಲ. ಎದುರಿಗಿದ್ದ ಕಾಫಿ ಗಿಡಗಳ ಮೇಲೆ ಕಣ್ಣು ನೆಟ್ಟು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಅವಳು ಹಾಗೆ ಕುಳಿತದ್ದರಲ್ಲಿ ತಪ್ಪೇನೂ ಇರಲಿಲ್ಲ. ಏಳು ವರ್ಷದ ಹಿಂದೆ, ಇದೇ ಏರಿಯ ಮೇಲೆ, ಕಾಫಿ ಕೊಯ್ಲಿನ ದಿನ ಸಂಜೆ, ಪೂಜಿತಾಳ ಊರು ಕುಂದೂರಿನ ಹೆಣ್ಣಾಳುಗಳನ್ನು ತುಂಬಿಕೊಂಡು ಹೊರಟಿದ್ದ ಪಿಕಪ್ ಗಾಡಿ ಮಣ್ಣು ಕುಸಿದು ಕೆರೆಯೊಳಗೆ ಮಗುಚಿತ್ತು. ಪಾಳ್ಯ ಎನ್ನುವ ಊರಿನ ಆಚೆಯ ಈ ಕಾಫಿ ಎಸ್ಟೇಟಿಗೆ ಅವರೆಲ್ಲ ದಿನಾ ಬಂದು ಹೋಗುತ್ತಿದ್ದವರು. ಪೂಜಿತಾ ಆಗ ಪಿಯುಸಿ, ರಜೆ ಇದ್ದುದರಿಂದ ತಾಯಿಯ ಜೊತೆ ಹಣ್ಣು ಕೊಯ್ಯಲು ಬಂದಿದ್ದಳು. ಉಳಿದವರೆಲ್ಲ ಹೇಗೋ ಹಾರಿಕೊಂಡರು. ಪೂಜಿತಾಳ ಕಾಲು ಮಾತ್ರ ಗಾಡಿಯ ಕಬ್ಬಿಣದ ಅಂಚಿನಡಿ ಸಿಕ್ಕಿಕೊಂಡಿತು. ಅಂಚಿನ ನೀರು ಆಳವಿರಲಿಲ್ಲ, ಆದರೆ ಮಲಗಿದವಳ ತುಟಿಗೆ ಬರುವಷ್ಟಿತ್ತು.

ಮೊದಲು ಓಡಿ ಬಂದವನು ಬೋರಯ್ಯ. ಎಸ್ಟೇಟಿನ ಮೋಟಾರು, ಪೈಪು ನೋಡಿಕೊಳ್ಳುವವನು, ಅಲ್ಲೇ ಆಳುಗಳ ಲೈನುಮನೆಯಲ್ಲಿ ವಾಸ. ಅವನು ನೀರಿಗಿಳಿದು ಅವಳ ಗದ್ದದಡಿ ಅಂಗೈ ಕೊಟ್ಟು ಮುಖವನ್ನು ಮೇಲೆತ್ತಿ ಹಿಡಿದ. ಮೋಟಾರ್ ಹಾಕಿ, ನೀರಾದರೂ ಇಳಿಯಲಿ ಎಂದು ಕೂಗಿದವನೂ ಅವನೇ. ಮೋಟಾರು ಓಡಿತು. ನೀರು ತುಟಿಯಿಂದ ಗದ್ದಕ್ಕೆ ಇಳಿಯಿತು, ಜನಕ್ಕೆ ಜೀವ ಬಂತು. ಅಷ್ಟರಲ್ಲಿ ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಹೋಯಿತು. ಮೋಟಾರು ನಿಂತಿತು. ಮೇಲಿನ ಹಳ್ಳದಿಂದ ಬರುವ ನೀರು ಮಾತ್ರ ನಿಲ್ಲಲಿಲ್ಲ. ದಡದಲ್ಲಿದ್ದವರೆಲ್ಲ ಏಕಾಏಕಿ ಮಾತು ನಿಲ್ಲಿಸಿದರು. ಆ ಮೌನದಲ್ಲಿ ನೀರು ಮತ್ತೆ ಗದ್ದ ದಾಟಿ, ತುಟಿ ಮುಟ್ಟಿ, ಕಿವಿಯೊಳಕ್ಕೆ ಬಂತು. ಪಕ್ಕದ ಎಸ್ಟೇಟಿನ ಟ್ರ್ಯಾಕ್ಟರು ಸರಪಳಿ ಹಾಕಿ ಗಾಡಿಯನ್ನು ಎಳೆಯುವವರೆಗೂ ಬೋರಯ್ಯ ಕೈ ಬಿಡಲಿಲ್ಲ. ಜೀವ ಉಳಿಯಿತು, ಮಂಡಿಯಿಂದ ಕೆಳಗೆ ಕಾಲು ಉಳಿಯಲಿಲ್ಲ.

ಆಮೇಲಿನದು ನಾಲ್ಕು ಜನ ಹೆಮ್ಮೆಯಿಂದ ಹೇಳುವ ಕಥೆ. ಪೂಜಿತಾ ಕುಳಿತು ಜಾವೆಲಿನ್ ಎಸೆಯುವುದನ್ನು ಕಲಿತಳು, ರಾಜ್ಯಕ್ಕೆ ಆಡಿದಳು, ಬೆಂಗಳೂರಿನ ಕ್ರೀಡಾ ಹಾಸ್ಟೆಲಿನಲ್ಲಿ ಅವಳಿಗೊಂದು ಕೋಣೆಯಾಯಿತು. ಕಾಲು ಹೋದ ಹುಡುಗಿಯ ಗತಿಯೇನು ಎಂದು ಕುಂದೂರಿನಲ್ಲಿ ಲೊಚಗುಟ್ಟಿದ್ದವರೇ ಅವಳ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿಕೊಂಡರು. ಆದರೆ ಕಳೆದ ವರ್ಷ ಎಸೆದು ಎಸೆದು ಬಲಭುಜದ ಸ್ನಾಯು ಹರಿಯಿತು. ಇನ್ನು ಎಸೆಯಬಾರದು, ನೀರಿನಲ್ಲಿ ಕೈ ಆಡಿಸಿದರೆ ಅಡ್ಡಿಯಿಲ್ಲ ಎಂದರು ಡಾಕ್ಟರು. ಇನ್ನು ಈಜಬೇಕು ಎಂದರು ಕೋಚು.

ಅವಳಿಗೆ ನೀರೆಂದರೆ ಬಾಯಿಯ ಪಸೆ ಆರುತ್ತದೆ ಎನ್ನುವುದು ಹಾಸ್ಟೆಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಖ ತೊಳೆಯುವುದೂ ಒದ್ದೆ ಬಟ್ಟೆಯಲ್ಲೇ. ಸ್ನಾನ ಮಾಡುವಾಗ ಪಕ್ಕದಲ್ಲಿ ನಲ್ಲಿ ಬಿಟ್ಟುಕೊಂಡೇ ಇರಬೇಕು. ನೀರು ಪೋಲು ಮಾಡುತ್ತಾಳೆ ಎಂದು ಗೆಳತಿಯರು ಬೈಯುತ್ತಿದ್ದರು. ಫ್ಯಾನು ತಿರುಗದೆ ನಿದ್ದೆಯೂ ಬರುತ್ತಿರಲಿಲ್ಲ. ಇದೆಲ್ಲ ಯಾಕೆ ಎಂದು ಅವಳೂ ಯೋಚಿಸಿದವಳಲ್ಲ. ಈಜುಕೊಳದ ಅಂಚಿನಲ್ಲಿ ಒಂದು ದಿನ ಶೀತ, ಒಂದು ದಿನ ಕಿವಿನೋವು ಎಂದು ನೆಪ ಹೇಳಿ ಹೇಳಿ, ಹೇಳಲು ಇನ್ನೊಂದು ರೋಗವೂ ಉಳಿಯದಾಯಿತು. ಕೊನೆಗೆ ಕೋಚು ಊರಿಗೆ ಹೋಗಿ ಬಾ ಎಂದರು. ಬಂದ ಮೇಲೆ ತಲೆ ನೀರಿನೊಳಗೆ ಹೋಗಲೇಬೇಕು, ಇಲ್ಲವಾದರೆ ಕೋಣೆಗೆ ಕಾಯುತ್ತಿರುವವರು ಬೇಕಾದಷ್ಟು ಜನ ಇದ್ದಾರೆ ಎಂದರು. ಕೆಟ್ಟವರೇನಲ್ಲ, ಇದ್ದದ್ದನ್ನೇ ಹೇಳಿದರು. ಆ ಕೋಣೆ ಹೋದರೆ ತನಗೆ ಏನು ಉಳಿಯುತ್ತದೆ ಎಂದು ಪೂಜಿತಾ ಬಸ್ಸಿನಲ್ಲಿ ಹಾಸನದವರೆಗೂ ಯೋಚಿಸುತ್ತ ಬಂದಳು. ಏನೂ ಹೊಳೆಯಲಿಲ್ಲ.

ಶೃತಿಗೆ ಹೇಳಿಕೊಂಡಾಗ ಅವಳು ತನ್ನ ಕಸುಬಿನ ಮಾತನ್ನೇ ಆಡಿದಳು. ಈಜು ಬಾರದ ಎಷ್ಟೋ ಹುಡುಗಿಯರು ನೀರಿಗಿಳಿಯುವಾಗ ಅಳುತ್ತಾರಂತೆ. ಆದರೆ ಕ್ಯಾಮೆರಾ ಎದುರಿಗೆ ಬಂದ ಕೂಡಲೇ ಭಯಕ್ಕಿಂತ ಮುಖ ಹೇಗೆ ಕಾಣುತ್ತದೋ ಎನ್ನುವ ಚಿಂತೆ ದೊಡ್ಡದಾಗುತ್ತದಂತೆ. ಮೊದಲು ಒಂದು ಹೋಮ್‌ಸ್ಟೇಯ ಕೊಳದಲ್ಲಿ ನೋಡಿದರು. ನೀಲಿ ಟೈಲ್ಸು, ತಿಳಿನೀರು, ಸುತ್ತ ಒಂದು ಸದ್ದಿಲ್ಲ. ಪೂಜಿತಾ ಮಂಡಿಮಟ್ಟದಲ್ಲೇ ಬೆವರಿ ಹಿಂದಕ್ಕೆ ಬಂದಳು. ಹೆದರುವುದೇ ಆದರೆ ಹೆದರಿದ ಜಾಗದಲ್ಲೇ ಹೆದರುತ್ತೇನೆ ಎಂದು ಅಂದೇ ಸಂಜೆ ಈ ಎಸ್ಟೇಟಿನ ಹೆಸರು ಎತ್ತಿದವಳು ಅವಳೇ.

ಕಾಫಿ ಹೂ ಅರಳಲೆಂದು ಕೆರೆಯ ನೀರನ್ನು ಸ್ಪ್ರಿಂಕ್ಲರಿನಲ್ಲಿ ಹಾರಿಸುವ ಕಾಲ ಅದು. ಆ ದಿನಗಳಲ್ಲಿ ಮೋಟಾರು ನಿಲ್ಲಿಸು ಎಂದು ಕೇಳುವುದು ಮದುವೆ ಮನೆಯಲ್ಲಿ ಒಲೆ ಆರಿಸು ಎಂದ ಹಾಗೆ. ಆದರೂ ನೀರಿನಲ್ಲಿ ಜನ ಇರುವಾಗ ಅದು ಓಡಬಾರದೆಂದು ಎಸ್ಟೇಟಿನ ಸಾಹುಕಾರ ದೇವೇಂದ್ರ ಅವರು ಒಂದು ಬೆಳಿಗ್ಗೆ ಬಿಟ್ಟುಕೊಟ್ಟರು. ಅಪಘಾತದ ಮೇಲೆ ಏರಿಗೆ ಕಲ್ಲು ಕಟ್ಟಿಸಿದ್ದರು, ಇಳಿಯಲು ಮೆಟ್ಟಿಲು ಮಾಡಿಸಿದ್ದರು. ಬೋರಯ್ಯ ಪಕ್ಕದಲ್ಲಿರಬೇಕು ಎನ್ನುವುದೊಂದೇ ಅವರ ಷರತ್ತು. ತಾವು ಮಾತ್ರ ನೋಡಲಾರೆ ಎಂದು ಪೇಟೆಗೆ ಹೋಗಿಬಿಟ್ಟರು.

ಪೂಜಿತಾ ಕೂತಲ್ಲಿಂದಲೇ ಕೈ ಊರಿ ಒಂದೊಂದೇ ಮೆಟ್ಟಿಲು ಇಳಿದಳು. ಸೊಂಟ, ಎದೆ, ಕುತ್ತಿಗೆ. ಶೃತಿ ಹೇಳಿಕೊಟ್ಟದ್ದು ಸುಲಭದ ಪಾಠ. ಉಸಿರು ಹಿಡಿದರೆ ತೇಲುತ್ತೀಯ, ಉಸಿರು ಬಿಟ್ಟರೆ ಕೆಳಗಿಳಿಯುತ್ತೀಯ. ಕೇಳುವುದಕ್ಕೇನೋ ಸುಲಭ. ಆದರೆ ಏಳು ವರ್ಷದಿಂದ ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ನೀರಿನೊಳಗೆ ಬಿಡು ಎಂದರೆ ಹೇಗೆ? ಬೋರಯ್ಯ ಅವಳ ಪಕ್ಕದ ಮೆಟ್ಟಿಲಲ್ಲಿ ನಿಂತು, ಯಾರೂ ಹೇಳದೆಯೇ ಅಂಗೈಯನ್ನು ಅವಳ ಗದ್ದದಡಿಗೆ ತಂದ. ಆ ಒರಟು ಚರ್ಮ ಮುಟ್ಟಿದ್ದೇ ಅವಳಿಗೆ ಅಂದಿನ ಸಂಜೆಯೆಲ್ಲ ಮೈಮೇಲೆ ಬಂದಂತಾಯಿತು.

ನೀರು ತುಟಿ ಮುಟ್ಟಿದಾಗ ಇಲ್ಲದ ಕಾಲಿನ ಪಾದ ಸೆಳೆಯಿತು. ಅವಳು ತಲೆ ಎತ್ತಿಬಿಟ್ಟಳು. ಇನ್ನೊಂದು ಸಲ, ಮತ್ತೊಂದು ಸಲ. ಪ್ರತಿ ಸಲವೂ ತುಟಿಯವರೆಗೆ, ಅಲ್ಲಿಂದ ಮುಂದೆ ಇಲ್ಲ. ಕೆರೆ ಬಟ್ಟಲಿನ ನೀರಿನ ಹಾಗೆ ಅಲುಗದೆ ಇತ್ತು. ಹಕ್ಕಿಯೂ ಕೂಗುತ್ತಿರಲಿಲ್ಲ. ಆ ನಿಶ್ಶಬ್ದ ಕಿವಿಯ ಹತ್ತಿರ ಬಂದು ಕುಳಿತಂತೆ ಅವಳಿಗೆ ಅನಿಸಿತು. ಕಲ್ಲಿನ ಅಂಚನ್ನು ಹಿಡಿದ ಬೆರಳುಗಳು ಬಿಳುಚಿದವು.

"ನಂಗಾಗಲ್ಲ," ಎಂದಳು. ಅಳು ಬಂತು. "ಸುಮ್ನೆ ಎಲ್ರಿಗೂ ತೊಂದ್ರೆ ಕೊಟ್ಟೆ."

"ಸಾಕು ಬುಡು ಮಗ, ಮೇಲಿಕ್ಕೆ ಬಾ," ಎಂದ ಬೋರಯ್ಯ. "ಬದ್ಕಿದ್ದೀಯಲ್ಲ, ಅದೇ ದೊಡ್ದು. ಈಜಿ ಯಾವ ರಾಜ್ಯ ಗೆಲ್ಬೇಕಾಗೈತೆ?"

ಏರಿಯ ಮೇಲಿಂದ, ತಿರುಗದೆಯೇ, ಏನಾಯಿತು ಎಂದು ಮೀನಾಕ್ಷಮ್ಮ ಕೇಳಿದಳು. ಶೃತಿ ಕ್ಯಾಮೆರಾ ಕೆಳಗಿಳಿಸಿದಳು.

ಆಗ ಮೋಟಾರು ತಾನೇ ತಾನಾಗಿ ಓಡತೊಡಗಿತು.

ಬೋರಯ್ಯ ನಾಲಿಗೆ ಕಚ್ಚಿಕೊಂಡ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಕಾಯುತ್ತ ಕೂರಲಾಗದೆ ಈ ಕಡೆಯವರೆಲ್ಲ ಸ್ಟಾರ್ಟರನ್ನು ಆಟೋಗೆ ಹಾಕಿಬಿಡುತ್ತಾರೆ. ಕರೆಂಟು ಬಂದರೆ ಮೋಟಾರು ಓಡುತ್ತದೆ, ಹೋದರೆ ನಿಲ್ಲುತ್ತದೆ, ಮನುಷ್ಯ ನೆಮ್ಮದಿಯಾಗಿ ಮಲಗುತ್ತಾನೆ. ಬೆಳಿಗ್ಗೆ ಕರೆಂಟಿಲ್ಲದೆ ಮೋಟಾರು ನಿಂತೇ ಇತ್ತು. ನಿಂತ ಮೋಟಾರನ್ನು ಇನ್ನೇನು ನಿಲ್ಲಿಸುವುದು ಎಂದು ಬೋರಯ್ಯ ಸ್ವಿಚ್ಚಿನ ಕಡೆ ನೋಡಿಯೇ ಇರಲಿಲ್ಲ. ಸಾಹುಕಾರರು ಅಷ್ಟು ಹೇಳಿ ಹೋಗಿದ್ದರು. ಆರಿಸಿ ಬರುತ್ತೇನೆ ಎಂದು ಅವನು ಗಡಿಬಿಡಿಯಲ್ಲಿ ಮೆಟ್ಟಿಲು ಹತ್ತಲು ಹೊರಟ.

ಪೂಜಿತಾ ಅವನ ಮಣಿಕಟ್ಟು ಹಿಡಿದಳು.

"ಓಡ್ಲಿ ಬುಡಿ ಬೋರಣ್ಣ."

ಮೋಟಾರಿನ ಪೈಪು ಇದ್ದದ್ದು ಕೆರೆಯ ಆಚೆ ಮೂಲೆಯಲ್ಲಿ, ಇವರಿಂದ ಬಹಳ ದೂರ. ಆದರೆ ಅದರ ಗುಂಯ್ ಎನ್ನುವ ಸದ್ದು ನೀರಿನೊಳಗಿಂದ, ಕಲ್ಲಿನೊಳಗಿಂದ ಬಂದು ಅವಳ ಬೆನ್ನಿಗೂ ಹಲ್ಲಿಗೂ ತಾಗುತ್ತಿತ್ತು. ಬಿಗಿದಿದ್ದ ದವಡೆ ಸಡಿಲವಾಯಿತು. ಅವಳು ಸ್ವಲ್ಪ ಹೊತ್ತು ಸುಮ್ಮನೆ ಕೇಳಿಸಿಕೊಂಡಳು. ಬಚ್ಚಲಿನ ನಲ್ಲಿ, ತಲೆಯ ಮೇಲಿನ ಫ್ಯಾನು, ಎಲ್ಲ ಒಂದರ ಹಿಂದೊಂದು ನೆನಪಿಗೆ ಬಂದವು.

"ಆವತ್ತು ಇದು ಓಡ್ತಿರೋವರ್ಗೂ ನಂಗೆ ಸಾಯ್ತೀನಿ ಅನ್ಸಿರ್ಲಿಲ್ಲ," ಎಂದಳು ಮೆಲ್ಲಗೆ. "ನಿಂತ್ಮೇಲೇ ಅನ್ಸಿದ್ದು."

ಬೋರಯ್ಯ ಬಂದು ಮತ್ತೆ ಪಕ್ಕದಲ್ಲಿ ನಿಂತು ಗದ್ದ ಹಿಡಿದ. ಈ ಸಲ ನೀರು ತುಟಿ ದಾಟಿತು, ಮೂಗು ದಾಟಿತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಒಂದು ಕ್ಷಣ ಒಳಗಿದ್ದು, ಕೆಮ್ಮುತ್ತ ಮೇಲೆದ್ದಳು. ಮತ್ತೆ ಹೋದಳು. ಭಯ ಹೋಗಿರಲಿಲ್ಲ. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲವಲ್ಲ. ಆದರೆ ಹಲ್ಲಿಗೆ ತಾಗುವ ಆ ಸದ್ದನ್ನು ಹಿಡಿದುಕೊಂಡರೆ ಒಂದು ಉಸಿರಿನಷ್ಟು ಹೊತ್ತು ಕೆಳಗಿರಬಹುದು ಎಂದು ಅವಳಿಗೆ ತಿಳಿಯಿತು. ಕಣ್ಣು ತೆರೆದಳು. ಹಸಿರು ಬೆಳಕಿನಲ್ಲಿ ಶೃತಿಯ ಕೂದಲು ತೇಲುತ್ತಿತ್ತು. ಅದರ ನಡುವೆ ಕ್ಯಾಮೆರಾದ ಗುಂಡು ಗಾಜು ಇವಳನ್ನೇ ನೋಡುತ್ತಿತ್ತು.

ಶೃತಿ ಮೇಲೆ ಬಂದು ಮುಖ ಒರೆಸಿಕೊಂಡಳು. ಮುಖ ಅರ್ಧ ಕಾಣುತ್ತಲೇ ಇಲ್ಲ, ಬರೀ ಬೋರಣ್ಣನ ಬೆರಳೇ ಎಂದಳು.

"ಗದ್ದ ಬುಡಿ ಬೋರಣ್ಣ," ಎಂದಳು ಪೂಜಿತಾ.

ಅವನು ಬಿಡಲಿಲ್ಲ. ಅವನ ಕೈ ನಡುಗುತ್ತಿರುವುದು ಆಗ ಅವಳಿಗೆ ಗೊತ್ತಾಯಿತು. ಅಂದು ಆ ಕೈ ಜೋಮು ಹಿಡಿದು, ಆಸ್ಪತ್ರೆಗೆ ಅವಳನ್ನು ಸಾಗಿಸಿದ ಮೇಲೂ ಬೆರಳು ಮಡಚಲಾಗದೆ, ರಾತ್ರಿ ಹೆಂಡತಿ ಚಿನ್ನಮ್ಮ ತುತ್ತು ಮಾಡಿ ಉಣ್ಣಿಸಿದ್ದಳು. ಈಗಲೂ ಅವನ ಕನಸಿನಲ್ಲಿ ಈ ಕೆರೆ ಬರುತ್ತದೆ, ಕೈ ಜಾರುತ್ತದೆ. ಇದನ್ನೆಲ್ಲ ಅವನು ಯಾರಿಗೂ ಹೇಳಿದವನಲ್ಲ.

"ಆವತ್ತೇ ಬುಟ್ಟಿಲ್ಲ ನಾನು," ಎಂದ. "ಇವತ್ತು ನನ್ ಕೈಯಾರ ಬುಡು ಅಂತೀಯಲ್ಲವ್ವ."

"ನಾನೇ ಕೇಳ್ತಿದ್ದೀನಲ್ಲ. ಬುಡಿ."

ಒಂದು ಬೆರಳು, ಇನ್ನೊಂದು ಬೆರಳು, ಆಮೇಲೆ ಅಂಗೈ. ಅವನು ಬಿಟ್ಟ. ಪೂಜಿತಾ ಕಲ್ಲಿನ ಅಂಚನ್ನು ಬಿಟ್ಟು ಮೆಟ್ಟಿಲಿನಿಂದ ಮುಂದಕ್ಕೆ ಜಾರಿದಳು.

ತಲೆಯ ಮೇಲೆ ನೀರು ಮುಚ್ಚಿಕೊಂಡಿತು. ಸದ್ದು ಇತ್ತು. ಅವಳು ಅದರ ಮೇಲೆ ಮನಸ್ಸಿಟ್ಟು ಕ್ಯಾಮೆರಾದ ಕಡೆ ತಿರುಗಿದಳು. ಶೃತಿ ಕೈಸನ್ನೆ ಮಾಡಿದಳು: ಇಲ್ಲೇ ನೋಡು, ಇಲ್ಲೇ.

ಅಷ್ಟರಲ್ಲಿ ಕರೆಂಟು ಹೋಯಿತು.

ಗುಂಯ್ ಎನ್ನುವುದು ಸಣ್ಣಗಾಗಿ, ಎಳೆದು, ನಿಂತೇಹೋಯಿತು. ಪೂಜಿತಾಳ ಮೈಯೆಲ್ಲ ಒಮ್ಮೆಲೇ ತಣ್ಣಗಾಯಿತು. ಅದೇ ಮೌನ. ದಡದಲ್ಲಿ ಜನ ಮಾತು ನಿಲ್ಲಿಸಿದ ಆ ಮೌನವೇ, ಇಷ್ಟು ವರ್ಷ ಈ ಕೆರೆಯ ತಳದಲ್ಲಿ ತನಗಾಗಿ ಕಾದು ಕುಳಿತಿದ್ದಂತೆ, ಎರಡೂ ಕಿವಿಯಿಂದ ಒಳಗೆ ಬಂತು. ಇಲ್ಲದ ಕಾಲು ಕಬ್ಬಿಣದಡಿ ಸಿಕ್ಕಿಕೊಂಡಿತು. ಎಳೆದರೂ ಬರಲಿಲ್ಲ. ಸತ್ತೆ ಎಂದುಕೊಂಡಳು. ನಿಜವಾಗಿಯೂ ಹಾಗೇ ಅಂದುಕೊಂಡಳು. ಮೇಲೆ ನೋಡಿದಳು. ನೀರಿನ ಪೊರೆಯ ಆಚೆ ಆಕಾಶ ನಡುಗುತ್ತಿತ್ತು. ಅಲ್ಲಿಂದ ಬೋರಯ್ಯನ ಕೈ ಮಣಿಕಟ್ಟಿನವರೆಗೆ ನೀರೊಳಗೆ ಬಂತು. ಅಂಗೈ ಬಟ್ಟಲಿನ ಹಾಗೆ ಬಾಗಿತ್ತು. ಅವಳ ಗದ್ದಕ್ಕೆ ಗೇಣು ದೂರದಲ್ಲಿ ಅದು ನಿಂತುಕೊಂಡಿತು.

ಚಾಚಿದರೆ ಸಿಗುತ್ತಿತ್ತು. ಅವಳ ಕೈ ಅರ್ಧ ಮೇಲೆದ್ದಿತು ಕೂಡ. ಎದುರಿಗೆ ಗುಂಡು ಗಾಜು ಇನ್ನೂ ಅಲ್ಲೇ ಇತ್ತು, ಅಲುಗದೆ. ಅದರೊಳಗೆ ಒಂದು ಸಣ್ಣ ಮುಖ, ಕಣ್ಣು ಇಷ್ಟಗಲ ಬಿಟ್ಟುಕೊಂಡಿತ್ತು. ಅದು ತನ್ನದೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಎಷ್ಟು ಹೆದರಿದ್ದಾಳೆ ಈ ಹುಡುಗಿ ಎಂದು ಪಾಪ ಅನಿಸಿತು. ಅವಳು ಬಾಯಿ ತೆರೆದು, ಹಿಡಿದಿದ್ದ ಉಸಿರನ್ನು ಬಿಟ್ಟಳು.

ಗುಳುಗುಳು ಎಂದು ಗುಳ್ಳೆಗಳು ಕೆನ್ನೆ ಸವರಿಕೊಂಡು ಮೇಲೆ ಹೋದವು. ಆ ಕೆರೆಯಲ್ಲಿ ಆಗ ಇದ್ದದ್ದು ಅದೊಂದೇ ಸದ್ದು. ಇನ್ನಷ್ಟು ಬಿಟ್ಟಳು. ಇನ್ನಷ್ಟು ಸದ್ದಾಯಿತು. ಮೈ ಮೆಲ್ಲನೆ ಕೆಳಗಿಳಿಯಿತು, ಮೇಲಿನ ಕೈ ದೂರವಾಯಿತು. ಶೃತಿ ಕ್ಯಾಮೆರಾ ಒತ್ತುತ್ತಲೇ ಇದ್ದಳು.

ಅವಳು ಮೇಲೆದ್ದಾಗ ಬೋರಯ್ಯ ತೋಳು ಹಿಡಿದು ಮೆಟ್ಟಿಲಿಗೆ ಎಳೆದುಕೊಂಡ. ಹಲ್ಲು ಕಟಕಟ ಎನ್ನುತ್ತಿತ್ತು, ಮೂಗಿನಲ್ಲಿ ನೀರು ಉರಿಯುತ್ತಿತ್ತು. ಕಣ್ಣೊರೆಸಿಕೊಂಡು ನೋಡಿದರೆ ಎದುರಿಗೆ ತಾಯಿ. ಮೋಟಾರು ನಿಂತ ಕೂಡಲೇ ಮೀನಾಕ್ಷಮ್ಮ ತಿರುಗಿದ್ದಳು. ಮಗಳ ತಲೆ ನೀರಿನ ಮೇಲೆ ಎಲ್ಲೂ ಕಾಣಲಿಲ್ಲ. ಹೇಗೆ ಇಳಿದಳೋ, ಸೀರೆಯ ನೆರಿಗೆಯೆಲ್ಲ ಒದ್ದೆ ಮಾಡಿಕೊಂಡು ನೀರಿನಲ್ಲಿ ನಿಂತಿದ್ದಳು. ಎರಡೂ ತೋಳಿನಲ್ಲಿ ಸೋರೆಬುರುಡೆಯನ್ನು ಎದೆಗೆ ಅವುಚಿಕೊಂಡಿದ್ದಳು. ಅದನ್ನು ಯಾರಿಗೆ ಕೊಡಬೇಕೆಂದು ಅವಳಿಗೆ ತಿಳಿದಂತಿರಲಿಲ್ಲ.

"ಏನಿಲ್ಲಮ್ಮ," ಎಂದಳು ಪೂಜಿತಾ. "ಕರೆಂಟ್ ಹೋಯ್ತು ಅಷ್ಟೆ."

ಶೃತಿ ಕ್ಯಾಮೆರಾದ ಹಿಂಬದಿಯ ಪರದೆಯನ್ನು ಅವರ ಕಡೆ ತಿರುಗಿಸಿದಳು. ಹಸಿರು ನೀರಿನ ನಡುವೆ ಪೂಜಿತಾಳ ಮುಖ, ತೆರೆದ ಕಣ್ಣು, ತುಟಿಯಿಂದ ಹೊರಟ ಗುಳ್ಳೆಗಳ ಸಾಲು. ಮೇಲೆ, ಚೌಕಟ್ಟಿನ ಅಂಚಿನಿಂದ ಇಳಿಬಿದ್ದ ಒಂದು ಮುದಿ ಅಂಗೈ.

ಬೋರಯ್ಯ ಬಗ್ಗಿ ನೋಡಿದ. ಫೋಟೋದ ಕೈಯನ್ನು ನೋಡಿ, ತನ್ನ ಕೈಯನ್ನು ನೋಡಿಕೊಂಡು, ಅಂಗಿಗೆ ಒರೆಸಿಕೊಂಡ.

ಶೃತಿ ತಲೆ ಕೆರೆದುಕೊಂಡಳು. ಮುಖವೇನೋ ಚೆನ್ನಾಗಿ ಬಂದಿದೆ, ಆದರೆ ಕೈಯೂ ಬಂದುಬಿಟ್ಟಿದೆ, ಕೈ ಇಲ್ಲದೆ ಇನ್ನೊಂದು ತೆಗೆಯಬೇಕಿತ್ತು, ಆಗುತ್ತದೆಯೇ ಎಂದು ಸಂಕೋಚದಿಂದಲೇ ಕೇಳಿದಳು.

"ಕರೆಂಟ್ ಬರ್ಲಿ ತಡಿ," ಎಂದ ಬೋರಯ್ಯ. "ಇನ್ನೇನು ಬಂದ್ಬುಡ್ತೈತೆ."

ಪೂಜಿತಾ ಆಚೆ ಮೂಲೆಯ ಮೋಟಾರ್ ಮನೆಯ ಕಡೆ ನೋಡಿದಳು. ಅದು ಸುಮ್ಮನಿತ್ತು. ಅವಳ ಬಾಯಿ ಇನ್ನೂ ಒಣಗಿತ್ತು.

"ಬೇಡ ಬೋರಣ್ಣ, ಕಾಯೋದು ಬೇಡ," ಎಂದು ಕಲ್ಲಿನ ಅಂಚನ್ನು ಬಿಟ್ಟಳು.

ಮೀನಾಕ್ಷಮ್ಮ ಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ಒದ್ದೆ ಮೆಟ್ಟಿಲ ಮೇಲೆ, ಈ ಸಲ ನೀರಿಗೆ ಮುಖ ಮಾಡಿ ಕುಳಿತಳು. ಮಗಳ ಗದ್ದ ನೀರಿಗಿಳಿಯುತ್ತಿದ್ದಂತೆ ಬೋರಯ್ಯನ ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ಅರ್ಧಕ್ಕೆ ಅದನ್ನು ಹಿಂದಕ್ಕೆಳೆದುಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಗಟ್ಟಿಯಾಗಿ ಕಟ್ಟಿಕೊಂಡು, ಅವನು ಮೇಲೆ ಬರುವ ಗುಳ್ಳೆಗಳನ್ನೇ ನೋಡುತ್ತ ನಿಂತ.